ಮಕ್ಕಳ ಫೋಟೋ ಮಸುಕಾದರೆ ಹೊಸ ಕ್ಯಾಮೆರಾ ಬೇಕಾ?

ಓದುಗರ ಪ್ರಶ್ನೆ: "ಬನಶಂಕರಿಯಲ್ಲಿ ಮೊದಲ ಮಹಡಿಯ ಮನೆ ನಮ್ಮದು. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಅವರ ಒಳ್ಳೆಯ ಫೋಟೋ ನಾನೇ ತೆಗೆಯಬೇಕು ಅಂತ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಂಡೆ. ಜೊತೆಗೆ 18-55 ಲೆನ್ಸ್ ಬಂತು. ಆಮೇಲೆ 50 ಎಂಎಂ ಎಫ್ 1.8 ಲೆನ್ಸ್ ತಗೊಂಡೆ. ಆದರೂ ಮನೆಯೊಳಗೆ ತೆಗೆದ ಹೆಚ್ಚಿನ ಫೋಟೋಗಳು ಮಸುಕು, ಮುಖ ಹಳದಿ. ಪಕ್ಕದ ಮನೆ ಗೋಡೆ ಮೂರೇ ಅಡಿ ದೂರ ಇದೆ, ಹಗಲಲ್ಲೂ ಲೈಟ್ ಹಾಕಬೇಕು. ಬೆಳಕು ಬರುವುದು ರಸ್ತೆ ಕಡೆಯ ಪೂರ್ವದ ಬಾಲ್ಕನಿಯಿಂದ ಮಾತ್ರ. ಮಗಳು ಕ್ಯಾಮೆರಾ ಕಂಡ ಕೂಡಲೇ ಹಲ್ಲು ಕಚ್ಚಿ ನಗುತ್ತಾಳೆ, ಮಗ ಓಡಿಹೋಗುತ್ತಾನೆ. ಇದಕ್ಕಿಂತ ಫೋನೇ ವಾಸಿ ಅನಿಸುತ್ತದೆ. ಫ್ಲಾಶ್ ಹಾಕಿದರೆ ಮಕ್ಕಳ ಕಣ್ಣು ಹಾಳಾಗುತ್ತೆ ಅಂತಾರೆ ಅತ್ತೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ತಗೊಂಡರೆ ಎಲ್ಲ ಸರಿಹೋಗುತ್ತೆ ಅಂತಾರೆ ನಮ್ಮ ಯಜಮಾನರು. ತಪ್ಪು ನನ್ನದಾ, ಕ್ಯಾಮೆರಾದ್ದಾ? ಮೂರು ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ."

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೊಸ ಕ್ಯಾಮೆರಾ ಬೇಡ. ಈಗಿರುವ ಕ್ಯಾಮೆರಾ, ಈಗಿರುವ 50 ಎಂಎಂ ಲೆನ್ಸ್ ಧಾರಾಳವಾಗಿ ಸಾಕು. ನಿಮಗೆ ದಿನಾ ಕಣ್ಣೆದುರು ಕಾಣುವ ಮಕ್ಕಳು ಫೋಟೋದಲ್ಲಿ ಕಾಣುತ್ತಿಲ್ಲ, ಅದೇ ಅಲ್ವಾ ನಿಮ್ಮ ಸಂಕಟ? ಮಕ್ಕಳ ಫೋಟೋ ತೆಗೆಯುವುದೇ ನನ್ನ ಕಸುಬು. ಅಪ್ಪ ಅಮ್ಮಂದಿರಿಂದ ಈ ಮಾತನ್ನು ಬಹಳ ಸಲ ಕೇಳಿದ್ದೇನೆ. ಕಾರಣ ಹುಡುಕುತ್ತಾ ಹೋದರೆ ಹೆಚ್ಚಾಗಿ ಸಿಗುವುದು ಎರಡು. ಮಗು ಇರುವ ಜಾಗದಲ್ಲಿ ಬೆಳಕು ಸಾಲದು. ಜೊತೆಗೆ, ಫೋಟೋಗೋಸ್ಕರ ನಾವು ಮಗುವಿನ ಆಟವನ್ನೇ ನಿಲ್ಲಿಸುತ್ತೇವೆ. ಇದನ್ನು ತಿರುವುಮುರುವು ಮಾಡಬೇಕು. ಆಟ ನಿಲ್ಲಿಸಬೇಡಿ. ಆಟವನ್ನೇ ಬೆಳಕಿನ ಹತ್ತಿರ ತನ್ನಿ.

ಈಗ ನಿಮ್ಮ ಮೂರು ಫೋಟೋಗಳಿಗೆ ಬರೋಣ.

ಮೊದಲನೆಯದರಲ್ಲಿ ಮಗಳು ಹಾಲ್‌ನಲ್ಲಿ ಕುಣಿಯುತ್ತಿದ್ದಾಳೆ. ಸೆಟ್ಟಿಂಗ್ ಹೀಗಿದೆ: 18-55 ಲೆನ್ಸಿನ ಪೂರ್ತಿ ಜೂಮ್, ಅಂದರೆ 55 ಎಂಎಂ, ಎಫ್ 5.6, ಶಟರ್ 1/30, ಐಎಸ್‌ಒ 1600. ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಶಟರ್ 1/30 ಅಂದರೆ ಬೆಳಕು ಒಳಗೆ ಬರುವುದು ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತು. ಐಎಸ್‌ಒ ಅಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಅನ್ನುವುದು. ಅವಳು ನಿಂತಿರುವ ಚಾಪೆಯ ಹೆಣಿಗೆ ಎಳೆಎಳೆಯಾಗಿ ಕಾಣುತ್ತಿದೆ. ಅವಳ ಕೈ ಮತ್ತು ಮುಖ ಮಾತ್ರ ಎಳೆದಂತಾಗಿದೆ. ಅಂದರೆ ಫೋಕಸ್ ಸರಿಯಾಗಿದೆ, ನಿಮ್ಮ ಕೈಯೂ ನಡುಗಿಲ್ಲ. ಶಟರ್ ತೆರೆದಿದ್ದಷ್ಟು ಹೊತ್ತಿನಲ್ಲಿ ಮಗು ಜರುಗಿದೆ, ಅಷ್ಟೇ. ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದ್ದರೂ ಬ್ಲರ್ ಆಗುತ್ತಲ್ಲ ಅಂತ ನೀವು ಕೇಳಬಹುದು. ಸ್ಟೆಬಿಲೈಸರ್ ಹಿಡಿದಿಡುವುದು ನಿಮ್ಮ ಕೈಯ ನಡುಕವನ್ನು. ಮಗುವಿನ ಕುಣಿತವನ್ನು ಅದು ಏನೂ ಮಾಡಲಾರದು.

ಕೂತು ಆಡುವ ಮಗುವಿಗೂ ಶಟರ್ 1/250 ಇರಲಿ. ಓಡುವುದು, ಜಿಗಿಯುವುದು ಇದ್ದರೆ 1/500 ಅಥವಾ ಅದಕ್ಕಿಂತ ಜಾಸ್ತಿ. ಅಷ್ಟು ವೇಗಕ್ಕೆ ಬೆಳಕು ಎಲ್ಲಿಂದ ತರುವುದು? ನಿಮ್ಮ 50 ಎಂಎಂ ಲೆನ್ಸ್ ಕೆಲಸಕ್ಕೆ ಬರುವುದು ಇಲ್ಲೇ. ಎಫ್ 5.6ಕ್ಕೆ ಹೋಲಿಸಿದರೆ ಎಫ್ 2.8ರಲ್ಲಿ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. 1/30 ಇದ್ದದ್ದು 1/125 ಆಯಿತು. ಐಎಸ್‌ಒ 3200 ಮಾಡಿದರೆ 1/250. ಅದೇ ಹಾಲ್, ಅದೇ ಲೈಟು, ಅದೇ ಕುಣಿತ. ಫೋಟೋ ಮಾತ್ರ ಬೇರೆ.

ಐಎಸ್‌ಒ ಏರಿಸಲು ನೀವು ಹೆದರುತ್ತಿದ್ದೀರಿ ಅಂತ ಕಾಣುತ್ತದೆ. ಜಾಸ್ತಿ ಮಾಡಿದರೆ ಫೋಟೋ ಕಾಳುಕಾಳಾಗುತ್ತೆ ಅನ್ನುವುದು ನಿಜ. ಆದರೆ 4x6 ಇಂಚಿನ ಪ್ರಿಂಟಿನಲ್ಲಿ ಆ ಕಾಳು ಬಹುಪಾಲು ಕಾಣುವುದೇ ಇಲ್ಲ. ಕಾಳು ಕಂಡರೂ ಮುಖ ಮುಖವಾಗಿಯೇ ಇರುತ್ತದೆ. ಎಳೆದುಹೋದ ಮುಖವನ್ನು ಮಾತ್ರ ಯಾವ ಸಾಫ್ಟ್‌ವೇರೂ ಸರಿಯಾಗಿ ತಂದುಕೊಡುವುದಿಲ್ಲ.

ಎರಡನೇ ಫೋಟೋ 50 ಎಂಎಂ ಲೆನ್ಸಿನದು, ಎಫ್ 1.8ರಲ್ಲಿ, ಮಗನ ತೀರಾ ಹತ್ತಿರ ಹೋಗಿ ತೆಗೆದದ್ದು. ಅವನ ಕಿವಿ ಸ್ಪಷ್ಟ, ಕಣ್ಣು ಮಸುಕು. ಇದು ಬೇರೆ ತರಹದ ಮಸುಕು. ನಿಮ್ಮಂಥ ಕ್ಯಾಮೆರಾದಲ್ಲಿ ಒಂದು ಮೀಟರ್ ದೂರದಿಂದ ಎಫ್ 1.8ರಲ್ಲಿ ತೆಗೆದರೆ, ಸ್ಪಷ್ಟವಾಗಿ ಬರುವ ಪಟ್ಟಿ ಹೆಚ್ಚೆಂದರೆ ಮೂರು ಸೆಂಟಿಮೀಟರ್. ಮಗು ಸ್ವಲ್ಪ ಮುಂದೆ ಬಾಗಿದರೂ ಕಣ್ಣು ಆ ಪಟ್ಟಿಯಿಂದ ಹೊರಗೆ. ಒಂದೂವರೆ ಮೀಟರ್, ಅಂದರೆ ಐದಡಿ ಹಿಂದೆ ಸರಿದು ಎಫ್ 2.8 ಇಟ್ಟರೆ ಅದೇ ಪಟ್ಟಿ ಒಂಬತ್ತು-ಹತ್ತು ಸೆಂಟಿಮೀಟರ್ ಆಗುತ್ತದೆ. ಮುಖ ಪೂರ್ತಿ ಅದರೊಳಗೆ ಕೂರುತ್ತದೆ. ಎಫ್ 1.8 ಇರುವ ಲೆನ್ಸನ್ನು ಯಾವಾಗಲೂ 1.8ರಲ್ಲೇ ಬಳಸಬೇಕು ಅಂತೇನಿಲ್ಲ.

ಹಾಗಾಗಿ ನಿಮಗೆ ನಾನು ಕೊಡುವ ಸೆಟ್ಟಿಂಗ್ ಒಂದೇ. ಡಯಲ್ ಮ್ಯಾನುಯಲ್‌ಗೆ ತಿರುಗಿಸಿ. ಎಫ್ 2.8, ಶಟರ್ 1/250, ಐಎಸ್‌ಒ ಮಾತ್ರ ಆಟೋ, ಅದರ ಮಿತಿ 6400. ಫೋಕಸ್ಸನ್ನು ಮಗುವಿನ ಜೊತೆಗೇ ಸರಿಯುವ ಕಂಟಿನ್ಯೂಯಸ್ ಮೋಡ್‌ಗೆ ಹಾಕಿ. ಫೋಕಸ್ ಬಿಂದುವನ್ನು ಕ್ಯಾಮೆರಾಗೆ ಆರಿಸಲು ಬಿಟ್ಟರೆ ಅದು ಹತ್ತಿರದ ವಸ್ತುವನ್ನು, ಎಂದರೆ ಮಗುವಿನ ಕೈಯ ಆಟದ ಕಾರನ್ನು ಹಿಡಿಯುವುದೇ ಹೆಚ್ಚು. ಒಂದೇ ಬಿಂದು ನೀವೇ ಆರಿಸಿ, ಹತ್ತಿರದ ಕಣ್ಣಿನ ಮೇಲಿಡಿ. ಮೂರು-ನಾಲ್ಕು ಫೋಟೋ ಒಟ್ಟಿಗೆ ಹೊಡೆಯಿರಿ. ಇದಿಷ್ಟು ಬೆರಳಿಗೆ ರೂಢಿಯಾಗುವ ತನಕ ಬೇರೆ ಬಟನ್ ಮುಟ್ಟಲೇಬೇಡಿ.

ಮೂರನೇ ಫೋಟೋದ ಹಳದಿ ಮುಖಕ್ಕೆ ಕಾರಣ ಬೆರಕೆ ಬೆಳಕು. ಒಂದು ಕಡೆಯಿಂದ ಬಾಲ್ಕನಿಯ ಹಗಲು ಬೆಳಕು, ತಲೆಯ ಮೇಲೆ ಬೆಳ್ಳನೆಯ ಟ್ಯೂಬ್‌ಲೈಟ್, ದೇವರ ಗೂಡಿನಿಂದ ಹಳದಿ ಬಲ್ಬ್. ಕ್ಯಾಮೆರಾ ಯಾವುದಾದರೂ ಒಂದಕ್ಕೆ ಮಾತ್ರ ಬಣ್ಣ ಹೊಂದಿಸಬಲ್ಲದು. ಇದಕ್ಕೆ ಪರಿಹಾರ ಉಲ್ಟಾ ಅನಿಸಬಹುದು: ಹಗಲಲ್ಲಿ ಫೋಟೋ ತೆಗೆಯುವಾಗ ಲೈಟೆಲ್ಲ ಆರಿಸಿ. ಮಗುವನ್ನು ಬಾಲ್ಕನಿ ಬಾಗಿಲ ಹತ್ತಿರ ತನ್ನಿ. ಲೈಟ್ ಆರಿಸಲು ಇನ್ನೊಂದು ಕಾರಣವೂ ಇದೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸುತ್ತು, ಸುತ್ತಿಗೆ ಎರಡು ಸಲ ಏರಿಳಿತ. ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ. ಆದರೆ 1/250ರಲ್ಲಿ ಸಾಲಾಗಿ ತೆಗೆದ ಫೋಟೋಗಳಲ್ಲಿ ಒಂದು ಬೆಳ್ಳಗೆ, ಒಂದು ಮಂಕು ಆಗಬಹುದು. ಕ್ಯಾಮೆರಾ ಕೆಟ್ಟಿದೆ ಅಂತ ಸುಮ್ನೆ ಗಾಬರಿಯಾಗುವವರು ಎಷ್ಟೋ ಜನ. ರಾತ್ರಿ ಲೈಟ್ ಹಾಕಲೇಬೇಕಾದಾಗ 1/100 ಇಟ್ಟು, ಮಗು ಪುಸ್ತಕ ನೋಡುತ್ತಲೋ ಊಟ ಮಾಡುತ್ತಲೋ ಕೂತಿರುವ ಹೊತ್ತು ನೋಡಿಕೊಳ್ಳಿ.

ಬೆಳಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬೆಂಗಳೂರಿನ 30x40 ಸೈಟಿನ ಮನೆಗಳ ಕಷ್ಟ ನನಗೆ ಚೆನ್ನಾಗಿ ಗೊತ್ತು. ಮೂರು ಕಡೆ ಪಕ್ಕದವರ ಗೋಡೆ, ಕಿಟಕಿಗೆ ಗ್ರಿಲ್, ಅದರ ಮೇಲೆ ಸೊಳ್ಳೆ ಪರದೆ. ಒಳಗೆ ಬರುವ ಬೆಳಕೇ ಕಡಿಮೆ. ಬಾಗಿಲಿಂದ ಎರಡು ಹೆಜ್ಜೆ ಒಳಗೆ ಬಂದರೆ ಇನ್ನೂ ಇಳಿಯುತ್ತದೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಆ ಇಳಿತ ಗೊತ್ತೇ ಆಗುವುದಿಲ್ಲ. ಅಂಗೈ ಮುಂದೆ ಚಾಚಿಕೊಂಡು ಬಾಲ್ಕನಿ ಬಾಗಿಲಿಂದ ಹಾಲ್ ಮಧ್ಯಕ್ಕೆ ನಿಧಾನವಾಗಿ ನಡೆದು ನೋಡಿ. ರೇಖೆಗಳು ಎಲ್ಲಿ ಚೆನ್ನಾಗಿ ಕಾಣುತ್ತವೆ, ಎಲ್ಲಿ ಮಂಕಾಗುತ್ತವೆ ಗಮನಿಸಿ. ಚೆನ್ನಾಗಿ ಕಾಣುವ ಆ ಮೂರು-ನಾಲ್ಕು ಅಡಿಯೇ ನಿಮ್ಮ ಸ್ಟುಡಿಯೋ. ಆಟದ ಸಾಮಾನಿನ ಬುಟ್ಟಿ ಇನ್ನು ಮೇಲೆ ಅಲ್ಲೇ ಇರಲಿ.

ಪೂರ್ವದ ಬಾಲ್ಕನಿಗೆ ಬೆಳಿಗ್ಗೆ ನೇರ ಬಿಸಿಲು ಬೀಳುತ್ತದೆ. ಆಗ ಮಕ್ಕಳು ಕಣ್ಣು ಕಿರಿದು ಮಾಡುತ್ತಾರೆ, ಗ್ರಿಲ್ಲಿನ ನೆರಳು ಮುಖದ ಮೇಲೆ ಗೀರು ಎಳೆಯುತ್ತದೆ. ಬಾಗಿಲಿಗೆ ಒಂದು ತೆಳು ಬಿಳಿ ಪಂಚೆ ಕಟ್ಟಿ. ಬೆಳಕು ಹರಡಿ ಮೆತ್ತಗಾಗುತ್ತದೆ. ಬಿಸಿಲು ಮಾಡಿನ ಮೇಲಕ್ಕೆ ಸರಿದ ಮೇಲಂತೂ ಬರೀ ಆಕಾಶದ ಬೆಳಕು, ಅದು ಮುಖಕ್ಕೆ ಬಹಳ ಒಳ್ಳೆಯದು. ಮಧ್ಯಾಹ್ನದ ಮೇಲೆ ಇನ್ನೊಂದು ಅವಕಾಶ ಇದೆ. ಆಗ ಸೂರ್ಯ ಪಶ್ಚಿಮಕ್ಕೆ ಹೋಗಿರುತ್ತಾನೆ, ನಿಮ್ಮ ಎದುರು ಮನೆಯ ಗೋಡೆಗೆ ಬಿಸಿಲು ಬೀಳುತ್ತದೆ. ಆ ಗೋಡೆ ಬಿಳಿಯದೋ ಕೆನೆ ಬಣ್ಣದ್ದೋ ಆಗಿದ್ದರೆ ಬೆಳಕು ಅಲ್ಲಿಂದ ಪುಟಿದು ನಿಮ್ಮ ಬಾಲ್ಕನಿಗೆ ಬರುತ್ತದೆ. ಗಾಢ ಹಸಿರೋ ಗುಲಾಬಿಯೋ ಆಗಿದ್ದರೆ ಮಾತ್ರ ಆ ಬಣ್ಣ ಮಕ್ಕಳ ಕೆನ್ನೆಗೂ ಹತ್ತುತ್ತದೆ. ಕೆಂಪು ಆಕ್ಸೈಡ್ ನೆಲದ ಹಳೇ ಮನೆಗಳಲ್ಲೂ ಹೀಗೇ, ಗದ್ದದ ಕೆಳಗೆ ಕೆಂಪು ಬರುತ್ತದೆ. ನೆಲಕ್ಕೆ ಬಿಳಿ ಬೆಡ್‌ಶೀಟ್ ಹಾಸಿದರೆ ಆ ಕೆಂಪು ಹೋಗುತ್ತದೆ, ಮುಖಕ್ಕೆ ಕೆಳಗಿನಿಂದಲೂ ಬೆಳಕು ಸಿಗುತ್ತದೆ.

ಮಗುವಿನ ಬೆನ್ನು ಬಾಗಿಲ ಕಡೆ ಇದ್ದರೆ ಮುಖ ಕಪ್ಪಾಗುತ್ತದೆ. ಬೆಳಕು ಮುಖದ ಪಕ್ಕದಿಂದ ಬರಲಿ. ನೀವು ನೆಲದ ಮೇಲೆ ಕೂರಿ, ಲೆನ್ಸ್ ಮಗುವಿನ ಕಣ್ಣಿನ ಎತ್ತರಕ್ಕೆ ಇರಲಿ. ನಿಂತು ಮೇಲಿನಿಂದ ತೆಗೆದರೆ ತಲೆ ದೊಡ್ಡದು, ಕಾಲು ಚಿಕ್ಕದು.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಬಾಲ್ಕನಿಯ ಕಂಬಿ ಹತ್ತಿರ ಸ್ಟೂಲು, ಕುರ್ಚಿ ಇಟ್ಟು ಮಗುವನ್ನು ನಿಲ್ಲಿಸಬೇಡಿ. ತಾರಸಿಯ ಮೋಟು ಗೋಡೆ ಮೇಲೆ ಕೂರಿಸುವುದಂತೂ ಬೇಡವೇ ಬೇಡ. ವ್ಯೂಫೈಂಡರಿಗೆ ಕಣ್ಣು ಹಚ್ಚಿದವರಿಗೆ ಅಕ್ಕಪಕ್ಕದ ಅಪಾಯ ಕಾಣುವುದಿಲ್ಲ. ಒಂದೂವರೆ ವರ್ಷದ ಮಗುವಿಗೆ ಕೈಯಳತೆಯಲ್ಲಿ ಇನ್ನೊಬ್ಬರು ದೊಡ್ಡವರು ಇರಲೇಬೇಕು.

ಹೊರಗೆ ಹೋದಾಗ ಸಮಸ್ಯೆ ಬೇರೆ. ಅಲ್ಲಿ ಬೆಳಕು ಜಾಸ್ತಿ, ಆದರೆ ನೆತ್ತಿಯ ಮೇಲಿಂದ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24-25ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಇಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆ ನಡುವಿನ ತಿಂಗಳುಗಳಲ್ಲೂ ನಡುಹಗಲ ಸೂರ್ಯ ನೆತ್ತಿಗೆ ಹತ್ತಿರವೇ. ಕಣ್ಣಿನ ಗುಳಿಯಲ್ಲಿ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುವುದು ಅದಕ್ಕೇ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ಮೋಡ ಕವಿದ ಜೂನ್-ಜುಲೈ ದಿನಗಳು ಇನ್ನೂ ಒಳ್ಳೆಯವು, ಇಡೀ ಆಕಾಶವೇ ಮೆತ್ತನೆಯ ಬೆಳಕು ಕೊಡುತ್ತದೆ. ಮಳೆ ಇಲ್ಲದಿದ್ದರೆ ಸಾಕು.

ಲಾಲ್‌ಬಾಗ್, ಕಬ್ಬನ್ ಪಾರ್ಕಿಗೆ ಹೋಗುವುದಾದರೆ ಅಲ್ಲಿ ದೊಡ್ಡ ಕ್ಯಾಮೆರಾ ಬಗ್ಗೆ ಏನು ನಿಯಮ ಇದೆ ಅಂತ ಗೇಟಿನಲ್ಲೇ ಕೇಳಿಕೊಳ್ಳಿ. ಮರದ ಕೆಳಗೆ ನಿಲ್ಲಿಸಿದರೆ ಎಲೆಗಳ ಸಂದಿಯಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಮುಖದ ಮೇಲೆ ಬೀಳುತ್ತದೆ, ಚರ್ಮಕ್ಕೆ ಹಸಿರು ಛಾಯೆ ಬರುತ್ತದೆ. ನೆರಳಿನ ಅಂಚಿಗೆ ಬನ್ನಿ. ಮಗುವಿನ ಮುಖ ಬಯಲಿನ ಕಡೆ ಇರಲಿ. ನಿಜ ಹೇಳಬೇಕೆಂದರೆ ಇದಕ್ಕೆ ಪಾರ್ಕೇ ಬೇಕಿಲ್ಲ. ನಮ್ಮ ಊರಿನ ಅಪಾರ್ಟ್‌ಮೆಂಟುಗಳ ನೆಲಮಹಡಿಯಲ್ಲಿ ಕಂಬಗಳ ಮಧ್ಯೆ ಕಾರು ನಿಲ್ಲಿಸುವ ಜಾಗ ಇರುತ್ತಲ್ಲ, ಮುಖದ ಫೋಟೋಗೆ ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ. ತಲೆಯ ಮೇಲೆ ಮಾಡು, ಎದುರಿಗೆ ತೆರೆದ ಆಕಾಶ, ಹಿಂದೆ ಕತ್ತಲು. ಮಗು ಅಂಚಿನಿಂದ ಎರಡಡಿ ಒಳಗೆ ನಿಂತರೆ ಕಣ್ಣಲ್ಲಿ ಹೊಳಪು ತಾನಾಗಿ ಬರುತ್ತದೆ. ವಾಹನ ಓಡಾಡದ ಹೊತ್ತು ನೋಡಿಕೊಂಡು ಹೋಗಿ.

ಫೋನ್ ವಾಸಿ ಅನ್ನಿಸುವುದು ಸಹಜ. ಅದು ಹಲವು ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿ, ಕಾಳು ಅಳಿಸಿ, ಮುಖ ನುಣುಪು ಮಾಡಿ ಕೊಡುತ್ತದೆ. ಸಣ್ಣ ಪರದೆಯಲ್ಲಿ ಕೊರತೆ ಕಾಣುವುದಿಲ್ಲ. ಹಗಲು ಬೆಳಕಿನಲ್ಲಿ ಫೋನ್ ಬಳಸಲು ಏನೂ ಅಡ್ಡಿಯಿಲ್ಲ. ಆದರೆ ಮಾಮೂಲಿ ವೈಡ್ ಲೆನ್ಸಿನಲ್ಲಿ ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ನಾಲ್ಕೈದು ಅಡಿ ಹಿಂದೆ ಸರಿದು 2x ಒತ್ತಿ. ತೆಗೆಯುವ ಮೊದಲು ಲೆನ್ಸ್ ಒರೆಸಿ. ಮಕ್ಕಳಿರುವ ಮನೆಯ ಫೋನಿನ ಮೇಲೆ ತುಪ್ಪದ ಬೆರಳು ಬಿದ್ದೇ ಇರುತ್ತದೆ, ಫೋಟೋ ಮಂಜಾಗಲು ಅಷ್ಟು ಸಾಕು.

ಇನ್ನು ನಿಮ್ಮ ಅತ್ತೆಯವರ ಮಾತು. ಮಾಮೂಲಿ ದೂರದಿಂದ ಹೊಡೆದ ಕ್ಯಾಮೆರಾ ಫ್ಲಾಶ್ ಮಗುವಿನ ಕಣ್ಣನ್ನು ಹಾಳು ಮಾಡುವುದಿಲ್ಲ. ಆದರೆ ಅವರ ಕಾಳಜಿಯನ್ನು ತಳ್ಳಿಹಾಕಬೇಡಿ. ಮುಖದ ಹತ್ತಿರ ನೇರವಾಗಿ ಹೊಡೆದರೆ ಮಗು ಬೆಚ್ಚುತ್ತದೆ, ಆಮೇಲೆ ಕ್ಯಾಮೆರಾ ಕಂಡರೇ ಮುಖ ತಿರುಗಿಸುತ್ತದೆ. ಫೋಟೋ ಕೂಡ ಚಪ್ಪಟೆ ಬರುತ್ತದೆ. ಫ್ಲಾಶ್ ಬೇಕೇ ಬೇಕು ಅಂದರೆ ಕ್ಯಾಮೆರಾ ಮೇಲೆ ಸಿಕ್ಕಿಸುವ, ಮೇಲ್ಮುಖವಾಗಿ ತಿರುಗಿಸಬಹುದಾದ ಬೇರೆ ಫ್ಲಾಶ್ ತಗೊಂಡು ಬಿಳಿ ಸೀಲಿಂಗಿಗೆ ಹೊಡೆಯಿರಿ. ಸೀಲಿಂಗ್ ಮರದ್ದೋ ಬಣ್ಣದ್ದೋ ಆಗಿದ್ದರೆ ಇದು ಕೈಕೊಡುತ್ತದೆ.

ಫ್ಲಾಶ್ ಫೋಟೋ ಬಗ್ಗೆ ಪ್ರತಿ ಅಪ್ಪ ಅಮ್ಮನಿಗೂ ಗೊತ್ತಿರಬೇಕಾದ ಒಂದು ವಿಷಯ ಇದೆ. ಕಣ್ಣು ಕೆಂಪಗೆ ಹೊಳೆಯುವುದು ಸಹಜ, ಅದು ಕಣ್ಣಿನ ಹಿಂಭಾಗದಿಂದ ಮರಳಿದ ಬೆಳಕು. ಆದರೆ ಒಂದು ಕಣ್ಣಿನ ಪಾಪೆ ಬೆಳ್ಳಗೆ ಅಥವಾ ಹಳದಿಯಾಗಿ ಹೊಳೆದರೆ ಕಡೆಗಣಿಸಬೇಡಿ. ಕೆಲವೊಮ್ಮೆ ಮಗು ಓರೆ ನೋಡಿದ್ದಕ್ಕೂ ಹಾಗೆ ಬರುತ್ತದೆ. ಆದರೆ ಕಣ್ಣಿನ ಪೊರೆಯ, ಅಪರೂಪಕ್ಕೆ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರಿನ ಮೊದಲ ಸುಳಿವೂ ಅದೇ ಆಗಿರಬಹುದು. ಬೇಗ ಗೊತ್ತಾದರೆ ಚಿಕಿತ್ಸೆ ಇದೆ. ಆ ಫೋಟೋ ಅಳಿಸದೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಮಗಳ ಹಲ್ಲು ಕಚ್ಚಿದ ನಗುವಿನ ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಆ ನಗು ಅವಳಿಗೆ ಕಲಿಸಿದವರು ನಾವು ದೊಡ್ಡವರು. "ಸ್ಮೈಲ್ ಮಾಡು" ಅಂದಾಗಲೆಲ್ಲ ಅವಳು ಬಾಯಿಂದ ನಗುತ್ತಾಳೆ, ಕಣ್ಣು ಸುಮ್ಮನಿರುತ್ತದೆ. ನಿಜವಾಗಿ ನಕ್ಕಾಗ ಕೆನ್ನೆ ಮೇಲೇರುತ್ತದೆ, ಕಣ್ಣಿನ ಕೆಳಗೆ ಮಡಿಕೆ ಬೀಳುತ್ತದೆ. ಅದನ್ನು ಕೇಳಿ ಪಡೆಯಲು ಆಗುವುದಿಲ್ಲ. ಒಂದಷ್ಟು ದಿನ ಮನೆಯಲ್ಲಿ ಯಾರೂ ಅವಳಿಗೆ ನಗು ಅನ್ನಬೇಡಿ. ಅಜ್ಜಿ ಒಂದು ಕಡೆಯಿಂದ "ಇಲ್ನೋಡು ಪುಟ್ಟಿ", ಚಿಕ್ಕಪ್ಪ ಇನ್ನೊಂದು ಕಡೆಯಿಂದ ಚಪ್ಪಾಳೆ, ಇದೂ ನಿಲ್ಲಲಿ. ಕರೆಯುವವರು ಒಬ್ಬರೇ ಇರಲಿ, ಅವರೂ ನಿಮ್ಮ ಬೆನ್ನ ಹಿಂದೆಯೇ ನಿಲ್ಲಲಿ.

ಅವಳ ಕೈಗೆ ಕೆಲಸ ಕೊಡಿ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಸುಲಿಯಲು ಕೂರಿಸಿ. ಬೆರಳಿಗೆ ಕೆಲಸ ಸಿಕ್ಕರೆ ಮುಖದ ಬಿಗಿ ಹೋಗುತ್ತದೆ. ತಲೆ ತಗ್ಗಿಸಿ ಸುಲಿಯುತ್ತಾಳೆ. ಒಳಗೊಂದು ಹುಳ ಸಿಕ್ಕಿದಾಗ ಥಟ್ಟನೆ ತಲೆ ಎತ್ತಿ ನಿಮ್ಮನ್ನು ನೋಡುತ್ತಾಳೆ. ಆ ನೋಟಕ್ಕೆ ಕಾದಿರಿ. ಕ್ಯಾಮೆರಾ ಮುಂಚೆಯೇ ಸಿದ್ಧವಾಗಿರಬೇಕು, ಅವಳು ನೋಡಿದ ಮೇಲೆ ಸೆಟ್ಟಿಂಗ್ ತಿರುವಲು ಪುರುಸೊತ್ತಿಲ್ಲ. ಹೂ ಬಿಡಿಸುವುದು, ಗಿಡಕ್ಕೆ ನೀರು ಹಾಕುವುದು, ತಮ್ಮನಿಗೆ ಟೋಪಿ ತೊಡಿಸುವುದು, ಏನಾದರೂ ಸರಿ. ನಗುವೇ ಬೇಕೆಂದೂ ಇಲ್ಲ. ಮಕ್ಕಳು ಯೋಚನೆಯಲ್ಲಿ ಮುಳುಗಿದಾಗಿನ ಮುಖ, ಹಟ ಹಿಡಿದಾಗಿನ ಹುಬ್ಬು, ಇವೂ ಅವರೇ. ದೊಡ್ಡವರಾದ ಮೇಲೆ ನಿಮಗೆ ನೆನಪಿಗೆ ಬೇಕಾಗುವುದು ಇವೆಲ್ಲ.

ಮಗ ಓಡಲಿ. ಓಡಿ ವಾಪಸ್ ಬರುವ ದಾರಿಯಲ್ಲಿ ನೀವು ಕೂತಿರಿ. ನಿದ್ದೆ ಮುಗಿಸಿ, ಹೊಟ್ಟೆ ತುಂಬಿದ ಹೊತ್ತು ಆರಿಸಿಕೊಳ್ಳಿ. ಕೆಲವೇ ನಿಮಿಷ ಸಾಕು, ಅಳು ಬರುವ ಮೊದಲೇ ಮುಗಿಸಿ. ಮಗಳು ಬೇಡ ಅಂದರೆ ಕ್ಯಾಮೆರಾ ಕೆಳಗಿಡಿ. ನಾಲ್ಕು ವರ್ಷದ ಮಗುವಿನ ಬೇಡಕ್ಕೂ ಬೆಲೆ ಇದೆ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಮೂರನೇ ಫೋಟೋದಲ್ಲಿ ಮಗಳ ಮುಖವನ್ನು ಆಪ್‌ನಲ್ಲಿ ಬೆಳ್ಳಗೆ ಮಾಡಿದ್ದೀರಿ ಅನಿಸಿತು. ದಯವಿಟ್ಟು ಬೇಡ. ಫೋನಿನ ಬ್ಯೂಟಿ ಫಿಲ್ಟರನ್ನೂ ಆಫ್ ಮಾಡಿಬಿಡಿ. ಫೋಟೋ ಮಂಕಾಗಿದ್ದರೆ ಇಡೀ ಚಿತ್ರದ ಬೆಳಕು ಏರಿಸಿ, ಚರ್ಮದ ಬಣ್ಣ ಬದಲಿಸಬೇಡಿ. ಅವಳು ಈ ಫೋಟೋಗಳನ್ನು ನೋಡುತ್ತಲೇ ಬೆಳೆಯುತ್ತಾಳೆ. ತನ್ನ ಬಣ್ಣ ಅಮ್ಮನಿಗೇ ಸಾಲಲಿಲ್ಲ ಅಂತ ಅವಳಿಗೆ ಅನಿಸಬಾರದು.

ಯಜಮಾನರ ಫುಲ್ ಫ್ರೇಮ್ ವಿಚಾರ. ಅದರಲ್ಲಿ ಮಂದ ಬೆಳಕಿನ ಫೋಟೋ ಇನ್ನಷ್ಟು ಚೊಕ್ಕವಾಗಿ ಬರುತ್ತದೆ, ಒಳಗೆ ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಮಗುವಿನ ಕಣ್ಣನ್ನು ತಾವಾಗಿಯೇ ಹಿಂಬಾಲಿಸುತ್ತವೆ. ಓಡುವ ಮಕ್ಕಳಿಗೆ ಅದು ನಿಜಕ್ಕೂ ಅನುಕೂಲ. ಆದರೆ ಬೆರಕೆ ಬೆಳಕು, ಒತ್ತಾಯದ ನಗು ಎರಡೂ ಅದರಲ್ಲೂ ಹಾಗೇ ಬರುತ್ತವೆ. ಬೆಲೆ, ತೂಕ ಎರಡೂ ಜಾಸ್ತಿ. ಮೆಗಾಪಿಕ್ಸೆಲ್ ಲೆಕ್ಕಕ್ಕಂತೂ ಹೋಗಬೇಡಿ. 4x6 ಇಂಚಿನ ಒಳ್ಳೆಯ ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚಿದ್ದರೆ ಸಾಕು. ದುಡ್ಡು ಹಾಕಲೇಬೇಕು ಅಂದರೆ 35 ಎಂಎಂ ಲೆನ್ಸಿಗೆ ಹಾಕಿ. ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಹಾಗಾಗಿ ಅದರಲ್ಲಿ 50 ಎಂಎಂ ಸ್ವಲ್ಪ ಟೆಲಿ ತರಹ, ಅಂದರೆ ದೂರದ್ದನ್ನು ಹತ್ತಿರ ಎಳೆಯುವ ಲೆನ್ಸಿನ ತರಹ ಆಗುತ್ತದೆ, ಹತ್ತಡಿ ರೂಮಿನಲ್ಲಿ ಹಿಂದೆ ಸರಿಯಲು ಜಾಗ ಸಾಲದು. ಕೊಳ್ಳುವ ಮೊದಲು ವಾರಾಂತ್ಯಕ್ಕೆ ಬಾಡಿಗೆಗೆ ತಂದು ನೋಡಿ, ಬೆಂಗಳೂರಿನಲ್ಲಿ ಬಾಡಿಗೆ ಲೆನ್ಸ್ ಸುಲಭವಾಗಿ ಸಿಗುತ್ತದೆ.

ಇದೆಲ್ಲ ಮಾಡಿಯೂ 50 ಎಂಎಂನಲ್ಲಿ ಕಣ್ಣು ಮಸುಕಾಗಿಯೇ ಬಂದರೆ ಒಂದು ಪರೀಕ್ಷೆ ಮಾಡಿ, ಹಳೇ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ಹೊಂದಾಣಿಕೆ ತಪ್ಪಿರುವುದುಂಟು. ಬಾಲ್ಕನಿ ಬೆಳಕಿನಲ್ಲಿ ಮೇಜಿನ ಮೇಲೆ ದಿನಪತ್ರಿಕೆ ಹರಡಿ. ಕ್ಯಾಮೆರಾವನ್ನು ಅಲುಗದಂತೆ ಇಟ್ಟು, ಓರೆಯಿಂದ ಮಧ್ಯದ ಒಂದು ತಲೆಬರಹಕ್ಕೆ ಫೋಕಸ್ ಮಾಡಿ ಎಫ್ 1.8ರಲ್ಲಿ ತೆಗೆಯಿರಿ. ಒಮ್ಮೆ ವ್ಯೂಫೈಂಡರಿನಿಂದ, ಒಮ್ಮೆ ಹಿಂದಿನ ಪರದೆಯ ಲೈವ್ ವ್ಯೂನಿಂದ. ಪರದೆಯಿಂದ ತೆಗೆದಾಗ ಆ ತಲೆಬರಹವೇ ಸ್ಪಷ್ಟವಾಗಿ ಬಂದು, ವ್ಯೂಫೈಂಡರಿನಿಂದ ತೆಗೆದಾಗ ಪ್ರತಿಸಲ ಅದರ ಮೇಲಿನ ಅಥವಾ ಕೆಳಗಿನ ಸಾಲು ಸ್ಪಷ್ಟವಾದರೆ ಫೋಕಸ್ ಹೊಂದಾಣಿಕೆ ತಪ್ಪಿದೆ ಅಂತ ಅರ್ಥ. ಆಗ ಕ್ಯಾಮೆರಾ, ಲೆನ್ಸ್ ಎರಡನ್ನೂ ಒಟ್ಟಿಗೆ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಕೊಡಿ. ಅಲ್ಲಿಯ ತನಕ ಲೈವ್ ವ್ಯೂನಲ್ಲೇ ತೆಗೆಯಿರಿ, ಫೋಕಸ್ ಸ್ವಲ್ಪ ನಿಧಾನವಾದರೂ ತಪ್ಪುವುದು ಕಡಿಮೆ.